ನಕ್ಷತ್ರವಲ್ಲ, ಯೂನಿಟ್ ನೋಡಿ

ಮಾನ್ಯ ಸಂಪಾದಕರೇ,

ಹಳೆಯ ಫ್ರಿಜ್ ಬದಲಿಸಲೆಂದು ಈಚೆಗೆ ವಿಜಯಪುರದ ಅಂಗಡಿಯೊಂದಕ್ಕೆ ಹೋಗಿದ್ದೆ. ಸಿಂಗಲ್ ಡೋರ್, ಡಬಲ್ ಡೋರ್ ಎರಡನ್ನೂ ತೋರಿಸಿದ ಹುಡುಗ, ‘ಎರಡಕ್ಕೂ ಮೂರು ಸ್ಟಾರ್ ಅದಾವ್ರಿ, ಕರೆಂಟ್ ಎರಡೂ ಅಷ್ಟ ತಗೋತಾವ’ ಎಂದ. ಡಬಲ್ ಡೋರ್ ಫ್ರಿಜ್ಜಿನ ಸ್ಟಾರ್ ಲೇಬಲ್ ಮೇಲೆ, ಅದರಲ್ಲೂ ಯೂನಿಟ್ ಅಂಕಿ ಇರುವಲ್ಲಿಯೇ, ರಿಯಾಯಿತಿಯ ಹಳದಿ ಚೀಟಿ ಅಂಟಿಸಿದ್ದರು. ಉಗುರಿನಿಂದ ಕೆರೆದು ನೋಡಿದರೆ ವರ್ಷಕ್ಕೆ 216 ಯೂನಿಟ್ ಎಂದಿತ್ತು. ಪಕ್ಕದ ಸಿಂಗಲ್ ಡೋರ್‌ನದು 148.

ಹುಡುಗ ಬೇಕೆಂದೇ ಸುಳ್ಳು ಹೇಳಿದನೆಂದು ನನಗನ್ನಿಸುವುದಿಲ್ಲ. ಅವನಿಗೂ ಯಾರೂ ತಿಳಿಸಿ ಹೇಳಿರಲಿಕ್ಕಿಲ್ಲ. ನಕ್ಷತ್ರ ಕೊಡುವುದು ಒಂದೇ ಬಗೆಯ ಉಪಕರಣಗಳೊಳಗೆ, ಅವುಗಳ ಗಾತ್ರ ನೋಡಿ. ಮಂಜುಗಡ್ಡೆ ಕಟ್ಟದ ಫ್ರಿಜ್ಜಿಗೆ (ಡಬಲ್ ಡೋರ್ ಸಾಮಾನ್ಯವಾಗಿ ಈ ಬಗೆಯದು) ಒಂದು ಅಳತೆಗೋಲು, ಸಿಂಗಲ್ ಡೋರ್‌ನಂಥ ಸಾದಾ ಫ್ರಿಜ್ಜಿಗೆ ಇನ್ನೊಂದು. ಮೇಲಾಗಿ ಈ ಅಳತೆಯನ್ನು, ನಕ್ಷತ್ರ ನಿಗದಿ ಮಾಡುವ ಕೇಂದ್ರ ಸರ್ಕಾರದ ಸಂಸ್ಥೆಯಾದ ಬಿಇಇ (ಇಂಧನ ದಕ್ಷತಾ ಬ್ಯೂರೊ) ಆಗಾಗ ಬಿಗಿಗೊಳಿಸುವುದರಿಂದ, ಹಳೆ ಸ್ಟಾಕಿನ ಐದು ನಕ್ಷತ್ರದ ಮಾಲು ಹೊಸ ಲೆಕ್ಕದಲ್ಲಿ ನಾಲ್ಕಕ್ಕೋ ಮೂರಕ್ಕೋ ಇಳಿಯಬಹುದು. ಆದ್ದರಿಂದ ಲೇಬಲ್ ಮೇಲಿನ ವರ್ಷವನ್ನೂ ಯೂನಿಟ್ ಅಂಕಿಯನ್ನೂ ಓದದೆ ನಕ್ಷತ್ರವನ್ನಷ್ಟೇ ಎಣಿಸಿದರೆ ಉಪಯೋಗವಿಲ್ಲ. ನಾನು ಕಂಡ ಎರಡು ಫ್ರಿಜ್ಜುಗಳ ಅಂತರ ವರ್ಷಕ್ಕೆ 68 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ಹತ್ತು ವರ್ಷಕ್ಕೆ 4,080 ರೂಪಾಯಿ.

ಗೃಹಜ್ಯೋತಿ ಇರುವಾಗ ಈ ಲೆಕ್ಕವೇಕೆ ಎಂದು ಮನೆಯಲ್ಲೇ ಕೇಳಿದರು. 2023ರಲ್ಲಿ ಜಾರಿಗೆ ಬಂದ ಆ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿತೆಂದರೆ ದಾಟಿದಷ್ಟಕ್ಕೆ ಮಾತ್ರವಲ್ಲ, ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಆ ಗಡಿ ದಾಟುವ ಅಪಾಯವಿರುವುದು ಏಪ್ರಿಲ್–ಮೇ ತಿಂಗಳಲ್ಲಿ. ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವಾಟ್ ಎಳೆದರೆ, ಬಿಎಲ್‌ಡಿಸಿ ಎಂಬ, ಕಡಿಮೆ ಕರೆಂಟ್ ಎಳೆಯುವ ಮೋಟರಿನ ಫ್ಯಾನ್‌ಗೆ 30 ವಾಟ್ ಸಾಕು. ದಿನಕ್ಕೆ 15 ತಾಸು ತಿರುಗುವ ಒಂದು ಫ್ಯಾನಿನಿಂದಲೇ ತಿಂಗಳಿಗೆ 20 ಯೂನಿಟ್ ಉಳಿಯುತ್ತದೆ, ಮೂರು ಫ್ಯಾನಿದ್ದರೆ 60. ಬೇಸಿಗೆಯಲ್ಲಿ ಒಂದು ಮನೆ 200ರ ಒಳಗೆ ಉಳಿಯುವುದೋ ಹೊರಗೆ ಬೀಳುವುದೋ ಈ 60 ಯೂನಿಟ್‌ಗಳಿಂದಲೇ ತೀರ್ಮಾನವಾಗಬಹುದು.

ಏಸಿಯ ವಿಚಾರದಲ್ಲಂತೂ ನಾವು ದೊಡ್ಡ ಊರುಗಳನ್ನು ನೋಡಿ ಆಸೆಪಡುತ್ತಿದ್ದೇವೆಂದು ನನ್ನ ಅನಿಸಿಕೆ. ಒಂದೂವರೆ ಟನ್ನಿನ ಏಸಿ ಪೂರ್ತಿ ಓಡುವಾಗ ಹೆಚ್ಚುಕಡಿಮೆ 1500 ವಾಟ್ ಬೇಡುತ್ತದೆ, ಕೂಲರ್‌ಗೆ 200 ವಾಟ್ ಸಾಕು. ನೀರು ಆವಿಯಾಗಿಯೇ ತಂಪು ಮಾಡುವ ಕೂಲರ್ ಕರಾವಳಿಯ ಸೆಕೆಗೆ ಸೋಲುತ್ತದೆ. ನಮ್ಮ ಒಣ ಬಿಸಿಲಿಗೆ ಹೇಳಿ ಮಾಡಿಸಿದಂತಿದೆ. ಮಳೆ ಹಿಡಿದ ಮೇಲೆ ಅದು ನಡೆಯುವುದಿಲ್ಲ, ಆಗ ಅದರ ಗರಜೂ ಇರುವುದಿಲ್ಲ. ಕೂಲರ್‌ಗೆ ದಿನಕ್ಕೆ ಹಲವು ಕೊಡ ನೀರು ಬೇಕೆಂಬುದು ನಿಜ. ನಳದ ನೀರಿಗೆ ದಿನಗಟ್ಟಲೆ ಕಾಯುವ ಓಣಿಗಳಲ್ಲಿ ಅದು ಸಣ್ಣ ಮಾತಲ್ಲ.

ಅಂಗಡಿಯವರು ಬೆಲೆಯ ಚೀಟಿಯಲ್ಲಿಯೇ ವರ್ಷದ ಯೂನಿಟ್ಟನ್ನೂ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆಯಲಿ. ಹೆಸ್ಕಾಂ ತನ್ನ ಬಿಲ್ಲಿನ ಹಿಂಬದಿಯಲ್ಲಿ, ಯಾವ ಉಪಕರಣ ತಾಸಿಗೆ ಎಷ್ಟು ತಿನ್ನುತ್ತದೆ ಎಂಬ ನಾಲ್ಕು ಸಾಲನ್ನಾದರೂ ಬೇಸಿಗೆಗೆ ಮುನ್ನ ಅಚ್ಚು ಹಾಕಿಸಲಿ. ಅಲ್ಲಿಯವರೆಗೆ ಗಿರಾಕಿಗಳು ರಿಯಾಯಿತಿಯ ಚೀಟಿಯನ್ನು ಕೆರೆದು ನೋಡಲು ನಾಚಬಾರದು.

– ಓದುಗ, ವಿಜಯಪುರ