ಹಿರಿಯ ಮಗನ ಸ್ವಭಾವ

ಪ್ರೀತಿಯ ತಂಗಿ,

ನಿನ್ನ ಕಥೆ ಓದಿದೆ. ಗಂಜಿನ, ಅಂದರೆ ಕಾಳಿನ ಪೇಟೆಯ ಭಾಗ ತುಂಬಾ ಹಿಡಿಸಿತು. ದಲಾಲ ಚೀಲಕ್ಕೆ ಕೈಹಾಕಿ ಒಂದು ಮುಷ್ಟಿ ತೊಗರಿ ತೆಗೆದು, ಅಂಗೈಯಲ್ಲಿ ಹರಡಿ, ಉಫ್ ಅಂತ ಊದಿ, ಒಂದು ಕಾಳು ಹಲ್ಲಿಗೆ ಕಚ್ಚಿ ನೋಡುತ್ತಾನಲ್ಲ, ಅದನ್ನು ಮುಟ್ಟಬೇಡ. ಹಾಗೇ ಇರಲಿ.

ಆದರೆ ಮೂರನೇ ಪುಟದಲ್ಲಿ ಕಥೆ ಬಿಟ್ಟು ಪಾಠ ಹೇಳೋಕೆ ಕೂತಿದ್ದೀಯ. ಶರಣಪ್ಪ ಹಿರಿಯ ಮಗ, ಅದಕ್ಕೇ ಜವಾಬ್ದಾರಿಯವನು. ತಮ್ಮ ಕಿರಿಯವನು, ಅದಕ್ಕೇ ತಿರುಗಿಬೀಳುತ್ತಾನೆ. ಮನುಷ್ಯ ಬೇಟೆಯಾಡಿ ಬದುಕುತ್ತಿದ್ದ ಕಾಲದಿಂದ ಹೀಗೇ, ಅಂತೆಲ್ಲ ಬರೆದಿದ್ದೀಯ.

ಇದೇನು ಸುಮ್ನೆ ಹುಟ್ಟಿದ ಮಾತಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರಾಂಕ್ ಸಲೋವೇ 1996ರಲ್ಲಿ ಇದರ ಮೇಲೇ ಒಂದು ದಪ್ಪ ಪುಸ್ತಕ ಬರೆದರು. ತಂದೆ ತಾಯಿಯ ಗಮನಕ್ಕೆ ಮಿತಿ ಇದೆ, ಅದಕ್ಕಾಗಿ ಮಕ್ಕಳ ನಡುವೆ ಪೈಪೋಟಿ. ಮೊದಲು ಹುಟ್ಟಿದವರು ಸಿಕ್ಕ ಜಾಗ ಕಾಯುತ್ತಾ ದೊಡ್ಡವರ ಪರ ನಿಲ್ಲುತ್ತಾರೆ. ಆಮೇಲೆ ಬಂದವರು ಬೇರೆ ಮೂಲೆ ಹುಡುಕುತ್ತಾ ಹೊಸದಕ್ಕೆ ಕೈಹಾಕುತ್ತಾರೆ. ಡಾರ್ವಿನ್ನೇ ಆರು ಮಕ್ಕಳಲ್ಲಿ ಐದನೆಯವನು. ಕೇಳಿದರೆ ಹೌದಲ್ವಾ ಅನಿಸುತ್ತೆ.

ಆದರೆ 2015ರಲ್ಲಿ ಜರ್ಮನಿಯ ಸಂಶೋಧಕರು ಅಮೆರಿಕ, ಬ್ರಿಟನ್, ಜರ್ಮನಿಯ 20,000ಕ್ಕೂ ಹೆಚ್ಚು ಜನರ ಮಾಹಿತಿ ಇಟ್ಟುಕೊಂಡು ನೋಡಿದರು. ಶಿಸ್ತು, ಹೊಂದಾಣಿಕೆ, ಜನರ ಜೊತೆ ಬೆರೆಯೋದು, ಯಾವುದರಲ್ಲೂ ಹುಟ್ಟಿದ ಕ್ರಮದ ಗುರುತು ಸಿಗಲಿಲ್ಲ. ಬುದ್ಧಿಮತ್ತೆ ಪರೀಕ್ಷೆಯಲ್ಲಿ ಮಾತ್ರ ಹಿರಿಯರು ಕೂದಲೆಳೆಯಷ್ಟು ಮುಂದೆ. ಆ ಮೂರೂ ದೇಶಗಳಲ್ಲಿ ನಮ್ಮ ಕಡೆಯಂಥ ಕೂಡು ಕುಟುಂಬ ಕಡಿಮೆ, ಅಪ್ಪನ ಗಾದಿ ಹಿರಿಯನಿಗೇ ಅನ್ನೋ ಪದ್ಧತಿಯೂ ಕಡಿಮೆ. ಹಾಗಾಗಿ ನಮ್ಮ ಮನೆಗಳ ಬಗ್ಗೆ ನಾನು ಆಣೆ ಮಾಡಿ ಹೇಳಲಾರೆ.

ಹಾಗಿದ್ದರೆ ಎಲ್ಲರ ಮನೆಯಲ್ಲೂ ಇದು ಕಣ್ಣಿಗೆ ಕಾಣುತ್ತಲ್ಲ ಅಂತೀಯ. ಇಪ್ಪತ್ತೆಂಟರ ಅಣ್ಣನ ಪಕ್ಕ ಹದಿನೆಂಟರ ತಮ್ಮನನ್ನು ನಿಲ್ಲಿಸಿದರೆ ಅಣ್ಣನೇ ಗಂಭೀರ ಕಾಣೋದು. ಅದು ವಯಸ್ಸು. ಇನ್ನೊಂದು ಕಾರಣವನ್ನು ಮಕ್ಕಳ ಮನಶ್ಶಾಸ್ತ್ರದ ಬಗ್ಗೆ ಬರೆದ ಅಮೆರಿಕದ ಲೇಖಕಿ ಜೂಡಿತ್ ರಿಚ್ ಹ್ಯಾರಿಸ್ 1998ರಲ್ಲಿ ಮುಂದಿಟ್ಟರು: ಮನೆಯಲ್ಲಿ ಕಲಿತ ನಡತೆಯನ್ನು ಮಗು ಹೊಸ್ತಿಲ ಆಚೆಗೂ ಹೊತ್ತುಕೊಂಡು ಹೋಗಲೇಬೇಕು ಅಂತಿಲ್ಲ. ಓರಗೆಯವರ ನಡುವೆ ಅದು ಬೇರೆಯೇ ನಡತೆ ಕಲಿಯುತ್ತೆ. ಹ್ಯಾರಿಸ್ ತಂದೆ ತಾಯಿಯ ಪ್ರಭಾವವನ್ನು ತೀರಾ ಕಡಿಮೆ ಅಂತ ಎಣಿಸಿದರು ಅಂತ ನನ್ನ ಅನಿಸಿಕೆ. ಆದರೆ ಈ ಮಾತು ಮಾತ್ರ ಕಥೆ ಬರೆಯುವವರಿಗೆ ತುಂಬಾ ಕೆಲಸಕ್ಕೆ ಬರುತ್ತೆ.

ನನಗೆ ಗೊತ್ತಿರುವ ಒಬ್ಬ ದೊಡ್ಡಣ್ಣ ಇದ್ದಾನೆ. ಮನೆಯಲ್ಲಿ ನಗೋದೇ ಇಲ್ಲ. ಸಂಜೆ ಸೂಪರ್ ಮಾರ್ಕೆಟ್ ಹತ್ತಿರ ಚಹಾ ಕುಡಿಯುವಾಗ ನೋಡಬೇಕು, ಗೆಳೆಯರಲ್ಲೇ ಮಹಾ ಕಿಡಿಗೇಡಿ, ಕಂಡಕಂಡವರ ದನಿ ಅಣಕಿಸುತ್ತಾನೆ. ಒಂದು ಸಲ ಹಾಗೇ ಅಣಕಿಸುತ್ತಿದ್ದಾಗ ತಮ್ಮ ಬೈಕಿನಲ್ಲಿ ಬಂದ. ಇವನು ಅರ್ಧಕ್ಕೇ ನಿಲ್ಲಿಸಿ, ಬಾಯಿ ಒರೆಸಿಕೊಂಡು, 'ಉಂಡೀ ಏನೋ?' ಅಂದ. ದನಿ ಥೇಟ್ ಅವರಪ್ಪನದು. ಅವನೊಳಗಿನ ಈ ಇಬ್ಬರಲ್ಲಿ ನಿಜವಾದ ಆಸಾಮಿ ಯಾರು ಅಂತ ನಾನು ಕೇಳಲ್ಲ. ಇಬ್ಬರೂ ಬೇಕು ನನಗೆ. ನಿನ್ನ ಶರಣಪ್ಪ ಮನೆಯಲ್ಲೂ ಗಂಜಿನಲ್ಲೂ ಒಂದೇ ಮುಖ ಹೊತ್ತು ಓಡಾಡುತ್ತಿದ್ದಾನೆ.

ಅನುವಂಶೀಯತೆ ಬಗ್ಗೆ ಬರೆದ ಸಾಲನ್ನೂ ತಿದ್ದು. ಅವಳಿಗಳ ಮೇಲೆ ನಡೆದ ಅಧ್ಯಯನಗಳು ಹೇಳೋದು ಇಷ್ಟೇ: ಜನರ ನಡುವೆ ಸ್ವಭಾವದಲ್ಲಿ ಕಾಣುವ ವ್ಯತ್ಯಾಸದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ವಂಶವಾಹಿಗಳಿಗೆ ಸೇರುತ್ತೆ. ಅಂದರೆ ಶರಣಪ್ಪನಲ್ಲಿ ಅರ್ಧ ಅವರಪ್ಪ ಅಂತಲ್ಲ. ಒಬ್ಬ ಮನುಷ್ಯನನ್ನು ಹಾಗೆ ಪಾಲು ಮಾಡೋಕೆ ಆ ಲೆಕ್ಕ ಬರಲ್ಲ.

ಕೊನೆಗೆ ಒಂದು ಮಾತು. ಮೊದಲ ಪುಟದಲ್ಲಿ ಆಳಂದಕ್ಕೆ ಕೊಟ್ಟ ಅಕ್ಕ ಒಬ್ಬಳಿದ್ದಾಳೆ. ಹಬ್ಬಕ್ಕೆ ಬಂದು ರೊಟ್ಟಿ ಬಡಿಯುತ್ತಾಳೆ, ಮತ್ತೆ ಕಾಣೋದೇ ಇಲ್ಲ. ಅವಳು ಶರಣಪ್ಪನಿಗಿಂತ ಮೂರು ವರ್ಷ ದೊಡ್ಡವಳು ಅಂತ ನೀನೇ ಬರೆದಿದ್ದೀಯ. ಮತ್ತೆ ಆ ಮನೆಯಲ್ಲಿ ಮೊದಲು ಹುಟ್ಟಿದವರು ಯಾರು? ಮೂರನೇ ಪುಟ ತೆಗೆದುಹಾಕಿ ಆ ಜಾಗದಲ್ಲಿ ಅವಳನ್ನು ಕೂರಿಸು. ಗಂಜಿನ ಲೆಕ್ಕದ ಪುಸ್ತಕ ಅವಳ ಕೈಗೆ ಸಿಕ್ಕರೆ ತಮ್ಮನಿಗೆ ಏನಂತಾಳೆ, ಬರೆದು ಕಳಿಸು.

ನಿನ್ನ ಅಣ್ಣ,
ಕಲಬುರಗಿ