ಮಗಳಿಗೊಂದು ಪತ್ರ: ತಳ ಇಲ್ಲದ ಚೀಸ್‌ಕೇಕ್

ಪ್ರೀತಿಯ ಮಗಳೇ,

ರೂಮ್‌ಮೇಟ್ ಬರ್ತ್‌ಡೇಗೆ ಚೀಸ್‌ಕೇಕ್ ನಾನೇ ಮಾಡ್ತೇನೆ, ಆದ್ರೆ ತಳಕ್ಕೆ ಬಿಸ್ಕೆಟ್ ಪುಡಿ ಬೇಡ, ಹಗುರ ಇರ್ಬೇಕು ಅಂದಿಯಲ್ಲ, ಕೇಳಿ ತುಂಬಾ ಖುಷಿ ಆಯ್ತು, ಫೋನಲ್ಲಿ ಹೇಳಿದ್ರೆ ಅರ್ಧ ಮರ್ತು ಹೋಗ್ತದೆ ಹಾಗೆ ಬರ್ದೇ ಕಳಿಸ್ತಿದ್ದೇನೆ. ಜಪಾನಿನವರ ಚೀಸ್‌ಕೇಕ್ ಉಂಟಲ್ಲ, ಟಿನ್ ಅಲ್ಲಾಡಿಸಿದ್ರೆ ಗದಗದ ಅಂತದೆ, ಅದನ್ನೇ ಮಾಡು, ಅದಕ್ಕೆ ತಳವೇ ಬೇಡ.

8 ಇಂಚು ಅಗಲದ, ಗೋಡೆ ಎತ್ತರ ಇರುವ ಟಿನ್ನಿಗೆ 250 ಗ್ರಾಂ ಕ್ರೀಮ್ ಚೀಸ್, 50 ಗ್ರಾಂ ಬೆಣ್ಣೆ, 100 ಎಂಎಲ್ ಹಾಲು, 6 ಮೊಟ್ಟೆ, 140 ಗ್ರಾಂ ಸಕ್ಕರೆ, 60 ಗ್ರಾಂ ಮೈದಾ, 20 ಗ್ರಾಂ ಕಾರ್ನ್‌ಫ್ಲೋರ್. ಚೀಸ್ ದುಬಾರಿ ಅಂತ ಪನ್ನೀರು ರುಬ್ಬಿ ಹಾಕ್ಬೇಡ ಮಾರಾಯ್ತಿ, ತರಿತರಿ ಸಿಗ್ತದೆ. ಇಲ್ಲಿ ಮಂಗ್ಳೂರಿನ ಸೆಕೆಗೆ ಚೀಸು ಹೊರಗಿಟ್ಟ ಸ್ವಲ್ಪ ಹೊತ್ತಿಗೇ ಮೆತ್ತಗಾಗ್ತದೆ, ನಿನ್ನ ಬೆಂಗ್ಳೂರಿನ ಚಳಿಗೆ ಆಗ್ಲಿಕ್ಕಿಲ್ಲ, ಹಾಗಾಗಿ ಹಾಲು ಬೆಣ್ಣೆ ಚೀಸು ಒಟ್ಟಿಗೆ ಬಿಸಿನೀರಿನ ಮೇಲಿಟ್ಟು ಗಂಟಿಲ್ಲದ ಹಾಗೆ ಕದಡು. ಆರಿದ ಮೇಲೆ ಮೊಟ್ಟೆಯ ಹಳದಿ, ಜರಡಿ ಹಿಡಿದ ಹಿಟ್ಟು, ಒಂದು ಚಮಚ ಲಿಂಬೆರಸ.

ಮುಖ್ಯದ್ದು ಇನ್ನು. ಇದಕ್ಕೆ ಬೇಕಿಂಗ್ ಪೌಡರ್ ಇಲ್ಲ, ಸೋಡಾ ಇಲ್ಲ, ಉಬ್ಬುದೆಲ್ಲ ಮೊಟ್ಟೆಯ ಬಿಳಿಯಲ್ಲಿ ಸೇರಿದ ಗಾಳಿಯಿಂದ. ಪಾತ್ರೆಯಲ್ಲಿ ಎಣ್ಣೆಪಸೆ ಇದ್ರೆ, ಹಳದಿ ಒಂದು ಹನಿ ಬಿದ್ರೂ ನೊರೆ ಸರಿ ಬರುದಿಲ್ಲ, ಪ್ಲಾಸ್ಟಿಕ್ ಬೇಡ ಸ್ಟೀಲಿಂದು ತಗೋ. ಸಕ್ಕರೆ ಮೂರು ಸಲಕ್ಕೆ ಹಾಕಿ ಬೀಟ್ ಮಾಡು, ಬೀಟರ್ ಎತ್ತಿದಾಗ ತುದಿ ಬಾಗ್ಬೇಕು, ಪೂರ್ತಿ ಗಟ್ಟಿ ಮಾಡಿದ್ರೆ ಮೇಲೆ ಬಿರುಕು ಬರ್ತದೆ. ಚೀಸಿಗೆ ಸೇರಿಸುವಾಗ ಕೆಳಗಿಂದ ಮೇಲೆ ನಿಧಾನ ಮಗುಚು, ಹುಳಿ ಬಂದ ಇಡ್ಲಿ ಹಿಟ್ಟನ್ನು ಸೌಟಲ್ಲಿ ಗರಗರ ತಿರುಗಿಸಿದ್ರೆ ಅಜ್ಜಿ ಬೈತಾರಲ್ಲ, ಇದೂ ಹಾಗೇ, ಗಾಳಿ ಹೋದ್ರೆ ಎಲ್ಲ ಹೋಯ್ತು.

ಟಿನ್ನಿಗೆ ಬಟರ್ ಪೇಪರ್ ಹಾಕು, ತಳ ಬಿಚ್ಚುವ ಟಿನ್ನಾದ್ರೆ ಹೊರಗಿಂದ ಫಾಯಿಲ್ ಸುತ್ತು. ಓವನ್ ಮೊದ್ಲೇ ಬಿಸಿ ಮಾಡಿ, ದೊಡ್ಡ ಟ್ರೇಯಲ್ಲಿ ಬಿಸಿನೀರು ಹಾಕಿ ಅದ್ರೊಳಗೆ ಟಿನ್ ಇಟ್ಟು 150 ಡಿಗ್ರಿಯಲ್ಲಿ 60ರಿಂದ 70 ನಿಮಿಷ. ನೀರಿದ್ರೆ ಬಿಸಿ ಸುತ್ತಲೂ ಮೆಲ್ಲಗೆ ತಾಗ್ತದೆ. ಓಟಿಜಿ, ಅಂದ್ರೆ ರಾಡಿನ ಸಣ್ಣ ಕರೆಂಟ್ ಓವನ್ ಅಲ್ವಾ ನಿಂದು, ಕೆಳಗಿನ ರ‍್ಯಾಕಲ್ಲೇ ಇಡು, ಮೇಲಿನ ರಾಡಿಗೆ ಹತ್ರ ಆದ್ರೆ ಕರಟ್ತದೆ. ನಡುವೆ ಬಾಗಿಲು ತೆರೀಲೇಬೇಡ.

ಆಫ್ ಮಾಡಿದ ಮೇಲೆ ಬಾಗಿಲು ಚೂರು ತೆರ್ದು ಅರ್ಧ ಗಂಟೆ ಒಳಗೇ ಬಿಡು, ಒಮ್ಮೆಲೆ ತಂಪು ತಾಗಿದ್ರೆ ಕುಸೀತದೆ. ಹೇಗೂ ಸ್ವಲ್ಪ ಇಳೀತದೆ, ಅದಕ್ಕೆ ಹೆದರ್ಬೇಡ. ಬಿಸಿ ಇರುವಾಗ ತಿಂದ್ರೆ ಹಗುರ, ಫ್ರಿಜ್ಜಲ್ಲಿಟ್ಟು ಮರುದಿನ ತಿಂದ್ರೆ ಚೀಸಿನ ರುಚಿ ಜಾಸ್ತಿ, ನಂಗೆ ಮರುದಿನದ್ದೇ ಇಷ್ಟ. ಬರ್ತ್‌ಡೇ ಭಾನುವಾರ ಅಲ್ವಾ, ಶನಿವಾರ ಸಂಜೆಯೇ ಮಾಡಿಡು.

ನಿನ್ನ ಅಮ್ಮ