ಮರದ ಸಾಹುಕಾರ ಆಲ್ಜರ್: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಹೇಗಿದ್ದೀಯ? ನಾಟಾ ವ್ಯಾಪಾರದವರನ್ನು ಕಂಡರೆ ಊರಿಗೆಲ್ಲ ಅನುಮಾನ ಅಂತ ಹೋದ ಸಲ ಗೊಣಗಿದ್ದೆಯಲ್ಲ, ನಿನಗೆಂದೇ ಒಬ್ಬನನ್ನು ಹುಡುಕಿ ತಂದಿದ್ದೇನೆ. ಇವನನ್ನೂ ಜನ ಬಾಯಿಗೆ ಬಂದಂತೆ ಬೈದರು. ಆದರೆ ಕಾಡು ಕಡಿದದ್ದಕ್ಕಲ್ಲ.

ಹೆಸರು ರಸೆಲ್ ಆಲ್ಜರ್. 1836ರಲ್ಲಿ ಅಮೆರಿಕದ ಒಹಾಯೋದಲ್ಲಿ ಹುಟ್ಟಿದ. ಮೀಸೆ ಮೂಡುವ ಮುಂಚೆಯೇ ಅಪ್ಪ ಅಮ್ಮ ಇಬ್ಬರೂ ಹೋದರು. ಹೊಲದಲ್ಲಿ ದುಡಿದ, ಮೇಷ್ಟ್ರಾದ, ಕಾನೂನು ಓದಿ ವಕೀಲನೂ ಆದ. ಆಮೇಲೆ ಮಿಶಿಗನ್‌ಗೆ ಹೋಗಿ ಮರದ ವ್ಯಾಪಾರಕ್ಕೆ ಇಳಿದ. ಅದು ಕೈ ಹತ್ತುವಷ್ಟರಲ್ಲಿ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಯಿತು. 1861ರಲ್ಲಿ ಉತ್ತರದವರ ಸೈನ್ಯ ಸೇರಿದ.

1862ರ ಜುಲೈ 1ರಂದು ಮಿಸಿಸಿಪ್ಪಿಯ ಬೂನ್‌ವಿಲ್‌ನಲ್ಲಿ ಎದುರಿಗೆ ದಕ್ಷಿಣದವರ ಸಾವಿರಾರು ಜನ. ಶೆರಿಡನ್ ಎಂಬ ಅಧಿಕಾರಿ ಈತನಿಗೆ ಸುಮಾರು 90 ಸವಾರರನ್ನು ಕೊಟ್ಟು, ಕಾಡುದಾರಿಯಲ್ಲಿ ಸುತ್ತಿ ಹೋಗಿ ಹಿಂದಿನಿಂದ ಮೇಲೆ ಬೀಳು ಅಂದ. ಹಾಗೇ ಮಾಡಿದ. ಶತ್ರುಗಳ ಕೈಗೆ ಸಿಕ್ಕಿಬಿದ್ದು ಅಂದೇ ತಪ್ಪಿಸಿಕೊಂಡೂ ಬಂದ. ಶೆರಿಡನ್‌ಗೆ ಬಡ್ತಿ ಸಿಕ್ಕಿದ್ದು ಆ ಗೆಲುವಿನಿಂದ. ಆದರೆ 1864ರಲ್ಲಿ, ರಜೆ ಇಲ್ಲದೆ ಗೈರುಹಾಜರಾದ ಅಂತ ಮೇಲಧಿಕಾರಿ ಕಸ್ಟರ್ ಇವನನ್ನು ವಜಾ ಮಾಡಲು ಬರೆದ. ಇವನೇ ರಾಜೀನಾಮೆ ಕೊಟ್ಟು ಹೊರಬಂದ. ಮುಂದೆ ರಾಜಕೀಯದಲ್ಲಿ ವಿರೋಧಿಗಳು ಈ ಕಡತವನ್ನು ಸುಮ್ನೆ ಬಿಡಲಿಲ್ಲ.

ಯುದ್ಧ ಮುಗಿದ ಮೇಲೆ ಡೆಟ್ರಾಯಿಟ್‌ಗೆ ಬಂದ. ಇಲ್ಲಿಂದ ನಿನಗೆ ಹಿಡಿಸುವ ಭಾಗ. ಮಿಶಿಗನ್‌ನ ಬಿಳಿ ಪೈನ್ ಕಡಿಯುತ್ತಿದ್ದದ್ದು ಚಳಿಗಾಲದಲ್ಲಿ. ಬಂಡಿದಾರಿಗೆ ನೀರು ಹೊಯ್ದು ಮಂಜುಗಡ್ಡೆ ಮಾಡಿ, ಅದರ ಮೇಲೆ ದಿಮ್ಮಿಗಳ ಜಾರುಬಂಡಿ ಎಳೆಸುತ್ತಿದ್ದರು. ಪ್ರತಿ ದಿಮ್ಮಿಯ ತುದಿಗೂ ಸುತ್ತಿಗೆಯಿಂದ ಕಂಪನಿಯ ಗುರುತು ಹೊಡೆಯಬೇಕು. ಮಂಜು ಕರಗಿ ಹೊಳೆ ತುಂಬಿದಾಗ ಎಲ್ಲರ ಮರವೂ ಒಟ್ಟಿಗೆ ತೇಲಿಬರುತ್ತದಲ್ಲ, ಯಾರದ್ದು ಯಾವುದು ಅಂತ ಗೊತ್ತಾಗೋದು ಆ ಗುರುತಿನಿಂದಲೇ. ‘ಆಲ್ಜರ್, ಸ್ಮಿತ್’ ಕಂಪನಿ ಹ್ಯೂರನ್ ಸರೋವರದ ದಂಡೆಯಲ್ಲಿ ಹೀಗೆ ಬೆಳೆಯಿತು. ರೈಲು ಹಾಕಿತು. ಮಿಶಿಗನ್ ಪೈನ್ ತೀರುತ್ತಾ ಬಂದಾಗ ಮಿನೆಸೋಟಾಕ್ಕೆ ಹೊರಟಿತು.

1885ರಲ್ಲಿ ಆಲ್ಜರ್ ಮಿಶಿಗನ್‌ನ ಗವರ್ನರ್ ಆದ. ಅದೇ ಬೇಸಿಗೆಯಲ್ಲಿ ಬೇ ಸಿಟಿ, ಸ್ಯಾಗಿನಾ ಊರುಗಳ ಸಾಮಿಲ್ಲು ಕಾರ್ಮಿಕರು ಮುಷ್ಕರ ಹೂಡಿದರು. ‘ದಿನಕ್ಕೆ ಹತ್ತೇ ತಾಸು ಕೆಲಸ, ಇಲ್ಲದಿದ್ದರೆ ಗರಗಸದ ಹೊಟ್ಟೂ ಬೀಳಲ್ಲ’ ಅನ್ನೋದು ಅವರ ಕೂಗು. ಗವರ್ನರ್ ಸೈನಿಕರನ್ನು ಕಳಿಸಿದ. ಮರದ ಸಾಹುಕಾರನೇ ಗವರ್ನರ್ ಆದರೆ ಇನ್ನೇನಾಗುತ್ತೆ, ಹೇಳು?

ಆದರೆ ಮಾಜಿ ಸೈನಿಕ ಅಂದರೆ ಇದೇ ಮನುಷ್ಯನ ಕರುಳು ಚುರುಕ್ ಅನ್ನುತ್ತಿತ್ತು. ಅವನ ಕಾಲದಲ್ಲೇ ಗ್ರ್ಯಾಂಡ್ ರ್‍ಯಾಪಿಡ್ಸ್‌ನಲ್ಲಿ ಮಾಜಿ ಸೈನಿಕರ ನಿಲಯ ಎದ್ದಿತು. ಆ ಊರಲ್ಲಿ ಅಂಥ ನಿಲಯ ಇವತ್ತಿಗೂ ಇದೆ. 1889ರಲ್ಲಿ ‘ಗ್ರ್ಯಾಂಡ್ ಆರ್ಮಿ ಆಫ್ ದಿ ರಿಪಬ್ಲಿಕ್’ ಎಂಬ ಮಾಜಿ ಸೈನಿಕರ ದೊಡ್ಡ ಸಂಘಕ್ಕೆ ಅವನೇ ಮುಖ್ಯಸ್ಥನಾದ. ಸಂಘ ಪಟ್ಟು ಹಿಡಿಯಿತು, 1890ರಲ್ಲಿ ಹೊಸ ಪಿಂಚಣಿ ಕಾಯ್ದೆ ಬಂತು. 90 ದಿನ ಸೇವೆ ಮಾಡಿ ಗೌರವದಿಂದ ಬಿಡುಗಡೆಯಾಗಿದ್ದು, ಈಗ ಮೈಬಗ್ಗಿಸಿ ದುಡಿಯಲು ಆಗದಿದ್ದರೆ ಸಾಕು. ಆ ಕಾಯಿಲೆ ಯುದ್ಧದಿಂದಲೇ ಬಂತು ಅಂತ ರುಜುವಾತು ಮಾಡಬೇಕಿಲ್ಲ. ಮೂವತ್ತು ವರ್ಷದ ಹಿಂದಿನ ಗಾಯಕ್ಕೆ ಸಾಕ್ಷಿ ಎಲ್ಲಿಂದ ತರೋದು, ಅಲ್ವಾ?

ಇಂಥವನು 1897ರಲ್ಲಿ ಯುದ್ಧಮಂತ್ರಿಯಾದ. ಮರುವರ್ಷ ಸ್ಪೇನ್ ಜೊತೆ ಯುದ್ಧ. ಮೂವತ್ತು ಸಾವಿರವೂ ಇಲ್ಲದ ಸೈನ್ಯ ಕೆಲವೇ ತಿಂಗಳಲ್ಲಿ ಎರಡು ಲಕ್ಷ ದಾಟಿತು. ಉಣ್ಣೆಯ ಸಮವಸ್ತ್ರ ಹಾಕಿಸಿ ಹುಡುಗರನ್ನು ಆಗ ಸ್ಪೇನ್ ಕೈಯಲ್ಲಿದ್ದ ಕ್ಯೂಬಾದ ಸೆಕೆಗೆ ಕಳಿಸಿದರು. ಕಾದಾಟದಲ್ಲಿ ಸತ್ತವರು 385 ಮಂದಿ. ಹೆಚ್ಚಾಗಿ ಕಾಯಿಲೆ ಬಿದ್ದು, ಉಳಿದ ಕಾರಣಗಳಿಂದ ಸತ್ತವರು 2,000ಕ್ಕೂ ಜಾಸ್ತಿ. ಬಹಳಷ್ಟು ಜನ ಅಮೆರಿಕದ ನೆಲ ಬಿಟ್ಟು ಹೋಗಿಯೇ ಇರಲಿಲ್ಲ. ಅಲ್ಲಿನ ಶಿಬಿರಗಳಲ್ಲೇ ವಿಷಮಶೀತ ಜ್ವರ. ಆಮೇಲೆ ಬಂದ ವೈದ್ಯರ ತಂಡ ಒಂದು ವಿಷಯ ಬರೆದಿಟ್ಟಿದೆ. ಪಾಯಿಖಾನೆ ಗುಂಡಿಗೆ ಸುಣ್ಣ ಸುರಿದಿದ್ದರು. ಕಾಲಿಗೆ ಆ ಬಿಳಿ ಸುಣ್ಣ ಅಂಟಿದ ನೊಣಗಳು ಊಟದ ಮೇಲೆ ಓಡಾಡುತ್ತಿದ್ದವಂತೆ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಇಂಥ ಅವ್ಯವಸ್ಥೆಗೆ ಪತ್ರಿಕೆಗಳು ‘ಆಲ್ಜರಿಸಂ’ ಅಂತ ಹೊಸ ಬೈಗುಳವನ್ನೇ ಹುಟ್ಟಿಸಿದವು. 1899ರ ಆಗಸ್ಟ್ 1ರಂದು ಅಧಿಕಾರ ಬಿಟ್ಟ. ಎರಡು ವರ್ಷ ಬಿಟ್ಟು ಪುಸ್ತಕ ಬರೆದು ತನ್ನ ವಾದ ಮಂಡಿಸಿದ: ಇಲಾಖೆ ಮೊದಲಿನಿಂದಲೇ ಬಡಕಲಾಗಿತ್ತು, ಇಷ್ಟು ಬೇಗ ಇಷ್ಟು ಜನರಿಗೆ ಒದಗಿಸೋದು ಯಾರಿಂದಲೂ ಆಗದು ಅಂತ. ಅರ್ಧ ನಾನು ಒಪ್ಪುತ್ತೇನೆ. ದುಡ್ಡು ಸಿಕ್ಕಿದ್ದೇ ಯುದ್ಧಕ್ಕೆ ಸ್ವಲ್ಪ ಮೊದಲು, ಅದಕ್ಕೆ ಅವನೇನು ಮಾಡಬೇಕು? ಆದರೆ ನೊಣಕ್ಕೆ ದುಡ್ಡಿನ ನೆಪ ಹೇಳೋಕಾಗಲ್ಲ. ಗುಂಡಿ ಆಳವಾಗಿ ತೋಡಿಸಿ, ಅಡುಗೆಮನೆಯನ್ನು ದೂರ ಇಡಿಸಬೇಕಿತ್ತು. ಕಾಡಿನ ಕ್ಯಾಂಪುಗಳಲ್ಲಿ ಕೂಲಿಗಳನ್ನು ಇರಿಸಿ ಕೆಲಸ ತೆಗೆಸಿದ ಸಾಹುಕಾರನಿಗೆ ಇದು ಹೊಳೆಯಬಾರದಿತ್ತೇ?

ಮಿಶಿಗನ್‌ನವರು ಅವನ ಕೈಬಿಡಲಿಲ್ಲ. 1902ರಲ್ಲಿ ಸೆನೆಟರ್ ಆದ, 1907ರಲ್ಲಿ ಆ ಹುದ್ದೆಯಲ್ಲಿದ್ದಾಗಲೇ ತೀರಿಕೊಂಡ. ನೀನಾಗಿದ್ದರೆ ಅವನಿಗೆ ಓಟು ಹಾಕ್ತಿದ್ದೆಯಾ? ಪುರುಸೊತ್ತಾದಾಗ ಬರಿ. ಅತ್ತಿಗೆಗೆ ಕೇಳಿದೆ ಅಂತ ಹೇಳು.

ನಿನ್ನ ಗೆಳೆಯ